ವಿಳಂಬಗತಿಯ ಸಂಗೀತ: ಡೂಮ್ ಮೆಟಲ್ ತಂಡದ ಹುಟ್ಟು, ರಚನೆ ಮತ್ತು ಧ್ವನಿಮುದ್ರಣ

೧. ವಿಷಯಪ್ರವೇಶ

ಪಾಶ್ಚಾತ್ಯ ಜನಪ್ರಿಯ ಸಂಗೀತವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಡೆದ ಹಲವು ಕವಲುಗಳಲ್ಲಿ ‘ಡೂಮ್ ಮೆಟಲ್’ ಎಂಬುದೊಂದು. ‘ಡೂಮ್’ ಎಂಬ ಪದಕ್ಕೆ ತಪ್ಪಿಸಲಾಗದ ವಿನಾಶ, ಅಂತಿಮ ವಿಧಿ ಎಂದು ಅರ್ಥ. ‘ಮೆಟಲ್’ ಎಂಬುದು ‘ಹೆವಿ ಮೆಟಲ್’ ಎಂಬ ವಿಶಾಲವಾದ ಪ್ರಕಾರದ ಹೆಸರಿನಿಂದ ಬಂದುದು. ವಿದ್ಯುತ್ ಗಿಟಾರಿನ ಧ್ವನಿಯನ್ನು ಆಂಪ್ಲಿಫೈಯರಿನ ಮೂಲಕ ಹಿಗ್ಗಿಸಿ, ಒರಟಾಗಿಸಿ ನುಡಿಸುವುದು ಹೆವಿ ಮೆಟಲಿನ ಸಾಮಾನ್ಯ ಲಕ್ಷಣ. ಅದರ ಶಾಖೆಗಳಲ್ಲಿ ಹಲವು ವೇಗದ ಕಡೆಗೆ ಹೊರಳಿದರೆ ಡೂಮ್ ಮೆಟಲ್ ನಿಧಾನದ ಕಡೆಗೆ ಹೊರಳಿತು. ವಿಳಂಬವಾದ ನಡೆ, ತಗ್ಗಿಸಿದ ಶ್ರುತಿ, ಒಂದೇ ಸ್ವರಗುಚ್ಛದ ದೀರ್ಘ ಆವರ್ತನೆ, ಸಾವು ಯುದ್ಧ ಹತಾಶೆಗಳಂತಹ ವಸ್ತು, ಇವು ಅದರ ಗುರುತುಗಳು. ಹಿಂದುಸ್ತಾನಿ ಪದ್ಧತಿಯ ವಿಲಂಬಿತ ಖ್ಯಾಲನ್ನು ಕೇಳಿ ಬಲ್ಲವರಿಗೆ ಇದರ ಲಯದ ನಿಧಾನವು ತೀರ ಹೊಸದಾಗಿ ತೋರದು. ಹೊಸದಾಗಿ ತೋರುವುದು ನಾದದ ಭಾರ.

ಇಂತಹ ವಿಷಯವು ಇತಿಹಾಸದ ವಿದ್ಯಾರ್ಥಿಗಳಿಗೇಕೆ ಎಂಬ ಪ್ರಶ್ನೆ ಸಹಜವಾದುದು. ನಮ್ಮ ಉತ್ತರ ಎರಡು ಬಗೆಯದು. ಮೂರು ನಾಲ್ಕು ಜನರ ಸಣ್ಣ ಗುಂಪೊಂದು ಕೂಡಿ, ಹೊಸದೊಂದು ಕಲಾರೂಪವನ್ನು ನಿರ್ಮಿಸಿ, ಅದನ್ನು ಶಾಶ್ವತವಾದ ದಾಖಲೆಯಾಗಿ ಉಳಿಸಿದ ಕ್ರಮವನ್ನು ತಿಂಗಳು ವರ್ಷಗಳ ನಿಖರತೆಯಲ್ಲಿ ಹಿಂಬಾಲಿಸಲು ಇಲ್ಲಿ ಸಾಧ್ಯವಿದೆ. ಪ್ರಾಚೀನ ಕಲೆಗಳ ವಿಷಯದಲ್ಲಿ ಈ ಸೌಕರ್ಯ ನಮಗೆ ದೊರೆಯುವುದು ಅಪರೂಪ. ಇದಲ್ಲದೆ, ಈ ಸಂಗೀತದ ಹುಟ್ಟಿನ ಬಗೆಗೆ ಪ್ರಚಾರದಲ್ಲಿರುವ ಕಥೆಯು ಏಕಕಾರಣವಾದದ ಒಂದು ಸುಂದರವಾದ ಉದಾಹರಣೆ. ಅದನ್ನು ಕಾಲಾನುಕ್ರಮದ ಒರೆಗೆ ಹಚ್ಚಿ ನೋಡುವುದು ನಮ್ಮ ಶಾಸ್ತ್ರಕ್ಕೆ ಒಪ್ಪುವ ಕೆಲಸ.

ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ ಎರಡು ತಂಡಗಳನ್ನು ಪರಿಶೀಲಿಸುತ್ತೇವೆ. ಮೊದಲನೆಯದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ೧೯೬೮ರಲ್ಲಿ ಹುಟ್ಟಿದ ಬ್ಲ್ಯಾಕ್ ಸ್ಯಾಬತ್. ಮುಂದೆ ಅದು ಜಗತ್ಪ್ರಸಿದ್ಧವಾಯಿತಾದರೂ ನಾವು ನೋಡುವ ಕಾಲದಲ್ಲಿ ಅದಿನ್ನೂ ಸಣ್ಣ ತಂಡವೇ. ಡೂಮ್ ಮೆಟಲಿನವರೆಲ್ಲರೂ ತಮ್ಮ ಮೂಲಪುರುಷರೆಂದು ಎಣಿಸುವುದು ಅವರನ್ನೇ. ಎರಡನೆಯದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ಹೋಸೆ ನಗರದಲ್ಲಿ ೧೯೯೦ರ ಸುಮಾರಿಗೆ ರೂಪುಗೊಂಡ ಸ್ಲೀಪ್. ಇವೆರಡರ ನಡುವೆ ಸ್ವೀಡನ್ನಿನ ಸ್ಟಾಕ್‌ಹೋಮಿನ ಕ್ಯಾಂಡಲ್‌ಮಾಸ್ ತಂಡವನ್ನೂ ಒಮ್ಮೆ ನೆನೆಯುತ್ತೇವೆ.

೨. ತಂಡ ಕೂಡಿದ ಬಗೆ

ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬುದು ಕಾರ್ಖಾನೆಗಳ ಬಡಾವಣೆ. ಎರಡನೆಯ ಮಹಾಯುದ್ಧದ ಬಾಂಬುದಾಳಿಯ ಗುರುತುಗಳು ಅಲ್ಲಿ ಬಹುಕಾಲ ಮಾಸದೆ ಉಳಿದಿದ್ದವು. ತಂಡದ ನಾಲ್ವರೂ ಈ ಪರಿಸರದಲ್ಲಿ ಬೆಳೆದ ಶ್ರಮಿಕ ಮನೆತನದವರು. ಗಿಟಾರ್ ನುಡಿಸುವ ಟೋನಿ ಐಯೋಮಿ ತಗಡಿನ ಕಾರ್ಖಾನೆಯಲ್ಲಿ ದುಡಿದವರು; ಗಾಯಕ ಓಜಿ ಆಸ್‌ಬರ್ನ್ ಕಸಾಯಿಖಾನೆಯಲ್ಲಿಯೂ, ಕಾರುಗಳ ಹಾರನ್ನುಗಳನ್ನು ಪರೀಕ್ಷಿಸುವ ಕೆಲಸದಲ್ಲಿಯೂ ಇದ್ದವರು; ಗೀಜರ್ ಬಟ್ಲರ್ ಲೆಕ್ಕಪತ್ರದ ಕೆಲಸವನ್ನು ಕಲಿಯುತ್ತಿದ್ದವರು. ಐಯೋಮಿ ಮತ್ತು ಡ್ರಮ್ ವಾದಕ ಬಿಲ್ ವಾರ್ಡ್ ‘ಮಿಥಾಲಜಿ’ ಎಂಬ ತಂಡದಲ್ಲಿಯೂ, ಬಟ್ಲರ್ ಮತ್ತು ಆಸ್‌ಬರ್ನ್ ‘ರೇರ್ ಬ್ರೀಡ್’ ಎಂಬ ತಂಡದಲ್ಲಿಯೂ ಇದ್ದರು. ಮಿಥಾಲಜಿ ೧೯೬೮ರಲ್ಲಿ ಒಡೆಯಿತು. ರೇರ್ ಬ್ರೀಡ್ ಕೂಡ ಉಳಿಯಲಿಲ್ಲ. ಒಡೆದ ಎರಡು ತಂಡಗಳ ಅರ್ಧರ್ಧವನ್ನು ಜೋಡಿಸಿದುದರಿಂದ ಮೂರನೆಯದು ಹುಟ್ಟಿತು.

ಈ ಜೋಡಣೆಗೆ ನಿಮಿತ್ತವಾದುದು ವಾದ್ಯಗಳ ಅಂಗಡಿಯಲ್ಲಿ ಆಸ್‌ಬರ್ನ್ ಅಂಟಿಸಿದ್ದ ಒಂದು ಚೀಟಿ. ತನಗೆ ಅವಕಾಶ ಬೇಕೆಂಬುದರ ಜೊತೆಗೆ ತನ್ನ ಬಳಿ ಸ್ವಂತ ಧ್ವನಿವರ್ಧಕವಿದೆಯೆಂಬ ಮಾತೂ ಅದರಲ್ಲಿತ್ತು. ಕಂಠಕ್ಕಿಂತ ಮೊದಲು ಧ್ವನಿವರ್ಧಕವು ಅವರನ್ನು ಬೇಕಾದವರನ್ನಾಗಿ ಮಾಡಿತೆಂದರೆ ಅತಿಶಯೋಕ್ತಿಯಾಗದು. ಬಡವರ ಮಕ್ಕಳು ಕೂಡಿ ಸಂಗೀತ ಕಟ್ಟುವಾಗ ಪ್ರತಿಭೆಯಷ್ಟೇ ಸಲಕರಣೆಯೂ ಬಂಡವಾಳವಾಗುತ್ತದೆ.

ಆರಂಭದಲ್ಲಿ ಆರು ಜನರಿದ್ದ ಈ ಕೂಟದಲ್ಲಿ ಇನ್ನೊಬ್ಬ ಗಿಟಾರ್ ವಾದಕರೂ ಒಬ್ಬ ಸ್ಯಾಕ್ಸೊಫೋನ್ ವಾದಕರೂ ಇದ್ದರು. ಕೆಲವೇ ದಿನಗಳಲ್ಲಿ ಆ ಇಬ್ಬರನ್ನು ಬಿಟ್ಟು ನಾಲ್ವರಷ್ಟೇ ಉಳಿದರು. ಮೊದಲು ಗಿಟಾರ್ ನುಡಿಸುತ್ತಿದ್ದ ಬಟ್ಲರ್ ಬೇಸ್ ಗಿಟಾರನ್ನು ಕೈಗೆತ್ತಿಕೊಂಡರು. ‘ಅರ್ತ್’ ಎಂದು ಇಟ್ಟುಕೊಂಡ ಹೆಸರು ಬೇರೊಂದು ತಂಡಕ್ಕೂ ಇದ್ದುದರಿಂದ ೧೯೬೯ರಲ್ಲಿ ಅದನ್ನು ಕೈಬಿಟ್ಟು, ಮಾರಿಯೊ ಬಾವಾ ನಿರ್ದೇಶಿಸಿದ ೧೯೬೩ರ ಭಯಾನಕ ಚಲನಚಿತ್ರವೊಂದರ ಇಂಗ್ಲಿಷ್ ಹೆಸರನ್ನು ತಮ್ಮದಾಗಿಸಿಕೊಂಡರು.

ಇತರ ತಂಡಗಳನ್ನು ನೋಡಿದರೂ ಈ ಸಂಕೋಚದ ಕ್ರಮವೇ ಕಾಣುತ್ತದೆ. ಸ್ಲೀಪ್ ತಂಡದಲ್ಲಿ ಮೊದಲು ಇಬ್ಬರು ಗಿಟಾರ್ ವಾದಕರಿದ್ದರು. ಅವರಲ್ಲಿ ಜಸ್ಟಿನ್ ಮಾರ್ಲರ್ ೧೯೯೧ರ ಮೊದಲ ಧ್ವನಿಮುದ್ರಿಕೆಯ ತರುವಾಯ ಆರ್ಥೊಡಾಕ್ಸ್ ಕ್ರೈಸ್ತ ಸಂನ್ಯಾಸವನ್ನು ಸ್ವೀಕರಿಸಿ ಹೊರಟುಹೋದರು. ಅವರ ಸ್ಥಾನವನ್ನು ಯಾರಿಂದಲೂ ತುಂಬಿಸದೆ, ಬೇಸ್ ನುಡಿಸುತ್ತ ಹಾಡುವ ಆಲ್ ಸಿಸ್ನೆರೋಸ್, ಗಿಟಾರಿನ ಮ್ಯಾಟ್ ಪೈಕ್, ಡ್ರಮ್ಮಿನ ಕ್ರಿಸ್ ಹಾಕಿಯಸ್ ಎಂಬ ಮೂವರೇ ಮುಂದುವರಿದರು. ಕ್ಯಾಂಡಲ್‌ಮಾಸ್ ತಂಡದ ಸ್ಥಿತಿ ಇನ್ನೂ ವಿಚಿತ್ರವಾದುದು. ಲೀಫ್ ಎಡ್ಲಿಂಗ್ ಕಟ್ಟಿದ ಈ ತಂಡದ ‘ಎಪಿಕಸ್ ಡೂಮಿಕಸ್ ಮೆಟಾಲಿಕಸ್’ ಎಂಬ ೧೯೮೬ರ ಕೃತಿಯ ಹೆಸರಿನಲ್ಲಿಯೇ ಈ ಪ್ರಕಾರದ ಹೆಸರು ಅಡಗಿದೆ. ಆದರೆ ಅದರಲ್ಲಿ ಹಾಡಿದ ಯೋಹಾನ್ ಲೆಂಗ್‌ಕ್ವಿಸ್ಟ್ ಆ ಮುದ್ರಣಕ್ಕೆಂದು ಬಂದವರೇ ಹೊರತು ತಂಡದ ಸದಸ್ಯರಾಗಿರಲಿಲ್ಲ. ಅವರು ಸದಸ್ಯರಾಗಿ ಮರಳಿದುದು ೨೦೧೮ರಲ್ಲಿ. ಧ್ವನಿಮುದ್ರಿಕೆಯ ಹೊದಿಕೆಯ ಮೇಲಿನ ಹೆಸರುಗಳನ್ನು ನೋಡಿ ತಂಡದ ಸ್ವರೂಪವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದು ಎಚ್ಚರಿಕೆ.

೩. ಬೆರಳಿನ ಕಥೆ ಮತ್ತು ಕಾಲಾನುಕ್ರಮ

ಈ ಸಂಗೀತದ ಉಗಮವನ್ನು ಹೇಳುವವರೆಲ್ಲರೂ ಐಯೋಮಿಯವರ ಬೆರಳುಗಳಿಂದ ಆರಂಭಿಸುತ್ತಾರೆ. ೧೯೬೫ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಕಾರ್ಖಾನೆಯ ಕೆಲಸದ ಕೊನೆಯ ದಿನದಂದು ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳ ತುದಿಗಳು ಹೋದವು. ಅವರು ಎಡಗೈಯವರಾದುದರಿಂದ ತಂತಿಗಳನ್ನು ಒತ್ತುತ್ತಿದ್ದುದು ಬಲಗೈಯೇ. ವಾದನವನ್ನು ಬಿಟ್ಟೇಬಿಡಬೇಕೆಂದಿದ್ದಾಗ ಕಾರ್ಖಾನೆಯ ಮೇಸ್ತ್ರಿಯೊಬ್ಬರು ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಕೇಳಿಸಿದರು. ೧೯೨೮ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವಾದರೂ ರೈನ್‌ಹಾರ್ಟ್ ಯೂರೋಪಿನ ಶ್ರೇಷ್ಠ ಗಿಟಾರ್ ವಾದಕರಾದವರು. ಐಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ಅವುಗಳ ಮೇಲೆ ಚರ್ಮವನ್ನು ಅಂಟಿಸಿ, ಗಿಟಾರಿಗೆ ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ಕಟ್ಟಿ ಮತ್ತೆ ನುಡಿಸತೊಡಗಿದರು.

ಇಲ್ಲಿಯವರೆಗಿನದು ನಿಜ. ಇದರ ಮುಂದಕ್ಕೆ ಪ್ರಚಲಿತವಾದ ಕಥೆಯು ಹೀಗೆ ಸಾಗುತ್ತದೆ: ನೋವಿನ ಬೆರಳುಗಳಿಗೆ ಅನುಕೂಲವಾಗಲೆಂದು ತಂತಿಗಳನ್ನು ಸಡಿಲಿಸಲಾಯಿತು, ಸಡಿಲಿಸಿದುದರಿಂದ ಶ್ರುತಿ ತಗ್ಗಿತು, ಶ್ರುತಿ ತಗ್ಗಿದುದರಿಂದ ಡೂಮ್ ಮೆಟಲ್ ಹುಟ್ಟಿತು. ಭೌತಶಾಸ್ತ್ರದ ದೃಷ್ಟಿಯಿಂದ ಮೊದಲ ಎರಡು ಮೆಟ್ಟಿಲುಗಳು ಸರಿಯಾಗಿಯೇ ಇವೆ. ತಂತಿಯ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಅದರ ಬಿಗಿತ ಏರಿಳಿಯುವುದರಿಂದ, ಮೂರು ಅರ್ಧಸ್ವರಗಳಷ್ಟು ಇಳಿಸಿದರೆ ಬಿಗಿತವು ನೂರಕ್ಕೆ ಸುಮಾರು ೩೦ರಷ್ಟು ಕಡಮೆಯಾಗುತ್ತದೆ. ಬೆರಳಿಗೆ ಇದು ದೊಡ್ಡ ಉಪಕಾರ. ಗಿಟಾರಿನ ಅತ್ಯಂತ ಕೆಳಗಿನ ತಂತಿಯು ಸೆಕೆಂಡಿಗೆ ೮೨ ಕಂಪನಗಳಿಂದ ೬೯ಕ್ಕೆ ಇಳಿದು ನಾದಕ್ಕೆ ಗಾಂಭೀರ್ಯ ಬರುತ್ತದೆ.

ಆದರೆ ಕಾಲಾನುಕ್ರಮವು ಈ ಸರಪಣಿಯನ್ನು ಒಪ್ಪುವುದಿಲ್ಲ. ೧೯೭೦ರಲ್ಲಿ ಪ್ರಕಟವಾದ ತಂಡದ ಮೊದಲ ಧ್ವನಿಮುದ್ರಿಕೆಯು ವಾಡಿಕೆಯ ಶ್ರುತಿಯಲ್ಲಿಯೇ ಇದೆ. ಮೂರು ಅರ್ಧಸ್ವರ ತಗ್ಗಿಸಿದ ಶ್ರುತಿ ಅವರ ಧ್ವನಿಮುದ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ೧೯೭೧ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಹೀಗಿದ್ದರೂ, ಡೂಮ್ ಮೆಟಲಿನ ಮೂಲಮಾದರಿಯೆಂದು ಎಲ್ಲರೂ ತೋರಿಸುವ ಹಾಡು ಮೊದಲ ಧ್ವನಿಮುದ್ರಿಕೆಯ ಮೊದಲ ಹಾಡೇ. ಎಂದರೆ ತಗ್ಗಿದ ಶ್ರುತಿಗಿಂತ ಮೊದಲೇ ಆ ನಿಧಾನವೂ ಆ ಭಾರವೂ ಸಿದ್ಧವಾಗಿದ್ದವು. ಕಾರ್ಯಕ್ಕಿಂತ ತರುವಾಯ ಬಂದುದು ಕಾರಣವಾಗಲಾರದು. ಗಾಯವು ಐಯೋಮಿಯವರ ಕೈಯನ್ನು ಹದಗೊಳಿಸಿತು, ಮುಂದೆ ಶ್ರುತಿಯನ್ನು ತಗ್ಗಿಸಲು ಪ್ರೇರಿಸಿತು ಎಂಬುದನ್ನು ಒಪ್ಪೋಣ. ಆದರೆ ಸಂಗೀತದ ರೂಪ ಹುಟ್ಟಿದುದು ಬೇರೆಡೆಯಲ್ಲಿ, ನಾಲ್ವರು ಒಂದೇ ಕೋಣೆಯಲ್ಲಿ ಕೂಡಿ ನಡೆಸಿದ ದೀರ್ಘ ಅಭ್ಯಾಸದಲ್ಲಿ, ಎಂದು ನಮಗೆ ತೋರುತ್ತದೆ. ತಂತಿಗಳನ್ನು ಇನ್ನೂ ಕೆಳಕ್ಕೆ, ನಾಲ್ಕು ಅರ್ಧಸ್ವರಗಳಷ್ಟು, ಇಳಿಸಿ ನುಡಿಸಿದ ಸ್ಲೀಪ್ ತಂಡದ ಪೈಕ್ ಅವರಿಗೆ ಅಂತಹ ಗಾಯವೇನೂ ಇರಲಿಲ್ಲವೆಂಬುದನ್ನು ಇಲ್ಲಿಯೇ ಸೇರಿಸಿ ನೋಡಬೇಕು.

೪. ರಚನೆಯ ಕ್ರಮ

ಆ ಅಭ್ಯಾಸದ ಸ್ವರೂಪವೇನು? ೧೯೬೮ರ ಕೊನೆಯಲ್ಲಿ ಐಯೋಮಿ ಕೆಲವು ವಾರಗಳ ಮಟ್ಟಿಗೆ ‘ಜೆತ್ರೊ ಟಲ್’ ಎಂಬ ಪ್ರಸಿದ್ಧ ತಂಡವನ್ನು ಸೇರಿ ಮರಳಿ ಬಂದರು. ಬೆಳಗ್ಗೆಯೇ ಕೂಡಿ, ಕಚೇರಿಯ ಕೆಲಸದಂತೆ ಕಟ್ಟುನಿಟ್ಟಾಗಿ ಸಾಧನೆ ಮಾಡುವ ಶಿಸ್ತನ್ನು ಅಲ್ಲಿಂದ ತಂದುದಾಗಿ ಅವರು ಹೇಳಿಕೊಂಡಿದ್ದಾರೆ. ೧೯೬೯ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿಯೂ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿಯೂ ದಿನಕ್ಕೆ ಹಲವು ಬಾರಿ ವೇದಿಕೆಯೇರುವ ಒಪ್ಪಂದಗಳು ದೊರೆತವು. ಇಷ್ಟು ಹೊತ್ತನ್ನು ತುಂಬಲು ಅವರ ಬಳಿ ಸಾಕಷ್ಟು ಹಾಡುಗಳಿರಲಿಲ್ಲ. ಆದುದರಿಂದ ಇದ್ದುದನ್ನು ಹಿಗ್ಗಿಸಿ, ಆವರ್ತಿಸಿ, ನಡುನಡುವೆ ಹೊಸದನ್ನು ಕಟ್ಟಿ ನುಡಿಸಬೇಕಾಯಿತು. ಆವರ್ತನೆಯ ಈ ಅಭ್ಯಾಸವು ಕ್ರಮೇಣ ರಚನೆಯ ತತ್ತ್ವವೇ ಆಯಿತು.

ಈ ರಚನೆಯ ಮೂಲ ಘಟಕಕ್ಕೆ ‘ರಿಫ್’ ಎಂದು ಹೆಸರು. ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛವೆಂದು ವಿವರಿಸಬಹುದು. ಪಾಶ್ಚಾತ್ಯ ಹಾಡುಗಳಲ್ಲಿ ಸಾಮಾನ್ಯವಾಗಿ ಗಾಯನದ ಧಾಟಿ ಮುಂದೆ, ವಾದ್ಯ ಅದರ ಹಿಂದೆ. ಇಲ್ಲಿ ಕ್ರಮ ತಿರುವುಮುರುವಾಗಿದೆ. ಐಯೋಮಿ ರಿಫ್ಫನ್ನು ಕಂಡುಕೊಳ್ಳುವರು. ಬಟ್ಲರ್ ಮತ್ತು ವಾರ್ಡ್ ಅದಕ್ಕೆ ಮೈ ತುಂಬುವರು. ಆಸ್‌ಬರ್ನ್ ಅದರ ಮೇಲೆ ಧಾಟಿಯನ್ನು ಕೂಡಿಸುವರು. ಸಾಹಿತ್ಯವನ್ನು ಬಹುಮಟ್ಟಿಗೆ ಬಟ್ಲರ್ ಬರೆಯುವರು. ೧೯೭೦ರ ‘ಐರನ್ ಮ್ಯಾನ್’ ಎಂಬ ಹಾಡಿನಲ್ಲಿ ಗಾಯನವು ಗಿಟಾರಿನ ಹೆಜ್ಜೆಯನ್ನೇ ಹಿಂಬಾಲಿಸುತ್ತದೆ.

ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನ ಮುಖ್ಯ ರಿಫ್ಫಿನಲ್ಲಿರುವುದು ಮೂರೇ ಸ್ವರ. ಒಂದು ಷಡ್ಜ, ಅದರ ಮೇಲಿನ ಸ್ಥಾಯಿಯ ಷಡ್ಜ, ಅಲ್ಲಿಂದ ಇಳಿದು ನಿಲ್ಲುವ ಪ್ರತಿಮಧ್ಯಮ. ಬಟ್ಲರ್ ಅವರಿಗೆ ಮೆಚ್ಚಾಗಿದ್ದ ಗುಸ್ತಾವ್ ಹೋಲ್ಸ್ಟ್ ಅವರ ‘ಮಾರ್ಸ್’ ಎಂಬ ವಾದ್ಯಕೃತಿಯ ಪ್ರೇರಣೆ ಇದರ ಹಿಂದಿದೆಯೆಂದು ತಂಡದವರೇ ಹೇಳಿದ್ದಾರೆ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಈ ಅಂತರವನ್ನು ಪಾಶ್ಚಾತ್ಯ ಶಾಸ್ತ್ರಕಾರರು ಕರ್ಕಶವೆಂದು ಎಣಿಸಿ ‘ಸಂಗೀತದೊಳಗಿನ ಸೈತಾನ’ ಎಂದು ಕರೆದುದುಂಟು. ಮಧ್ಯಯುಗದ ಚರ್ಚು ಅದನ್ನು ನಿಷೇಧಿಸಿತ್ತೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ಕಲ್ಯಾಣಿ ರಾಗವನ್ನು ಮಂಗಳಕರವೆಂದು ಭಾವಿಸುವ ನಮ್ಮ ಕಿವಿಗೆ ಪ್ರತಿಮಧ್ಯಮದಲ್ಲಿ ಭಯವೇನೂ ಕೇಳಿಸದು. ಆದುದರಿಂದ ಭಯವು ಸ್ವರದಲ್ಲಿಲ್ಲ. ಅದನ್ನು ನಿಲ್ಲಿಸಿದ ರೀತಿಯಲ್ಲಿ, ಅದರ ಸುತ್ತಲಿನ ಮೌನದಲ್ಲಿ, ಮುಂದಿನ ಪೆಟ್ಟು ಬೀಳುವವರೆಗಿನ ಕಾಯುವಿಕೆಯಲ್ಲಿ ಇದೆ.

ಈ ಕಾಯುವಿಕೆಯೇ ವಾದಕರಿಗೆ ಕಠಿನವಾದುದು. ವೇಗದಲ್ಲಿ ಮರೆಯಾಗುವ ತಪ್ಪು ನಿಧಾನದಲ್ಲಿ ಬಯಲಾಗುತ್ತದೆ. ಎರಡು ಪೆಟ್ಟುಗಳ ನಡುವಿನ ಅವಧಿ ಹಿಗ್ಗಿದಷ್ಟೂ ಮೂವರೋ ನಾಲ್ವರೋ ಒಟ್ಟಿಗೆ ಬೀಳುವುದು ಕಷ್ಟ. ಗಡಿಯಾರದಿಂದ ಕಲಿಯಲಾಗದ ಈ ಹೊಂದಾಣಿಕೆ ಒಡನಾಟದಿಂದಲೇ ಬರತಕ್ಕದ್ದು. ಸಣ್ಣ ತಂಡವು ಸಣ್ಣದಾಗಿಯೇ ಉಳಿಯಲು ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

೫. ಧ್ವನಿಮುದ್ರಣ: ಒಂದು ದಿನ ಮತ್ತು ಒಂದು ಗಂಟೆ

ಬ್ಲ್ಯಾಕ್ ಸ್ಯಾಬತ್ ತಂಡದ ಮೊದಲ ಧ್ವನಿಮುದ್ರಿಕೆಯ ಬಹುಭಾಗವು ೧೯೬೯ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮುದ್ರಿತವಾಯಿತು. ನಿರ್ಮಾಪಕರು ರಾಜರ್ ಬೇನ್. ಅಲ್ಲಿದ್ದುದು ನಾಲ್ಕು ಟ್ರ್ಯಾಕುಗಳ ಯಂತ್ರ. ಎಂದರೆ ನಾಲ್ಕು ಧ್ವನಿಪ್ರವಾಹಗಳನ್ನು ಮಾತ್ರ ಬೇರೆ ಬೇರೆಯಾಗಿ ಹಿಡಿಯಲು ಸಾಧ್ಯ. ಎಲ್ಲರೂ ವೇದಿಕೆಯ ಮೇಲಿನಂತೆ ಒಟ್ಟಿಗೆ ನುಡಿಸಿದರು. ಆಸ್‌ಬರ್ನ್ ಪಕ್ಕದ ಪ್ರತ್ಯೇಕ ಗೂಡಿನಲ್ಲಿ ನಿಂತು ಅದೇ ಹೊತ್ತಿಗೆ ಹಾಡಿದರು. ತಿದ್ದಿ ತಿದ್ದಿ ನುಡಿಸಲು ಹಣವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಆರಂಭದಲ್ಲಿ ಕೇಳಿಬರುವ ಮಳೆ, ಗುಡುಗು, ಗಂಟೆಯ ಸದ್ದು ತರುವಾಯ ಸೇರಿಸಿದವು. ೧೯೭೦ರ ಫೆಬ್ರುವರಿ ೧೩ರಂದು ಪ್ರಕಟವಾದ ಈ ಧ್ವನಿಮುದ್ರಿಕೆಯು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿತು. ಒಂದು ದಿನದಲ್ಲಿ ಮುಗಿದುದು ಸಾಧ್ಯವಾದುದು ಒಂದು ವರ್ಷದ ಸಾಧನೆ ಹಿಂದೆ ಇದ್ದುದರಿಂದ ಎಂಬುದನ್ನು ಮರೆಯಲಾಗದು.

ಸ್ಲೀಪ್ ತಂಡದ ಅನುಭವ ಇದಕ್ಕೆ ವಿರುದ್ಧವಾದುದು. ಅವರ ‘ಸ್ಲೀಪ್ಸ್ ಹೋಲಿ ಮೌಂಟನ್’ ಎಂಬ ಎರಡನೆಯ ಕೃತಿ ಹೆಸರು ತಂದ ಮೇಲೆ ೧೯೯೦ರ ದಶಕದ ನಡುವಿನಲ್ಲಿ ‘ಲಂಡನ್ ರೆಕಾರ್ಡ್ಸ್’ ಎಂಬ ದೊಡ್ಡ ಕಂಪನಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಹಣ ಬಂದಿತು, ಹೊತ್ತು ದೊರೆಯಿತು. ಹಲವು ವರ್ಷಗಳಿಂದ ಸ್ವಲ್ಪ ಸ್ವಲ್ಪವಾಗಿ ಬೆಳೆಸುತ್ತಿದ್ದ ಒಂದೇ ಹಾಡನ್ನು ಮೂವರೂ ೧೯೯೬ರಲ್ಲಿ ಬಿಲಿ ಆಂಡರ್ಸನ್ ಅವರ ನೆರವಿನಿಂದ ಮುದ್ರಿಸಿದರು. ಆ ಹಾಡಿನ ಉದ್ದ ಒಂದು ಗಂಟೆಗೂ ಮಿಗಿಲು. ಗಾಂಜಾಸೇವನೆಯನ್ನು ಒಂದು ಮತಾಚರಣೆಯಂತೆ ಕಲ್ಪಿಸಿ, ಮರುಭೂಮಿಯಲ್ಲಿ ಸಾಗುವ ಯಾತ್ರಿಕರ ಸಾಲನ್ನು ವರ್ಣಿಸುವುದು ಅದರ ವಸ್ತು. ಟೇಪಿನ ಒಂದು ಸುರುಳಿಯಲ್ಲಿ ಇಡೀ ಹಾಡು ಹಿಡಿಯದ ಕಾರಣ ಅದನ್ನು ಭಾಗಗಳಾಗಿ ನುಡಿಸಿ ಕೂಡಿಸಬೇಕಾಯಿತು. ಅಷ್ಟು ದೀರ್ಘವಾದ ರಚನೆಯನ್ನು ಲಿಖಿತ ಸ್ವರಲಿಪಿಯ ಸಹಾಯವಿಲ್ಲದೆ ಮೂವರೂ ನೆನಪಿನಲ್ಲಿ ಹೊತ್ತಿದ್ದರು.

ಕಂಪನಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದೇ ಹಾಡಿನ ಧ್ವನಿಮುದ್ರಿಕೆಯನ್ನು ಆಕಾಶವಾಣಿಯಲ್ಲಿ ಕೇಳಿಸುವುದೆಂತು, ಮಾರುವುದೆಂತು ಎಂಬುದು ವ್ಯಾಪಾರದ ದೃಷ್ಟಿಯಿಂದ ನ್ಯಾಯವಾದ ಪ್ರಶ್ನೆಯೇ. ಕೃತಿ ಪ್ರಕಟವಾಗದೆ ಉಳಿಯಿತು, ತಂಡ ಒಡೆಯಿತು. ಪೈಕ್ ‘ಹೈ ಆನ್ ಫೈರ್’ ಎಂಬ ಬೇರೆ ತಂಡವನ್ನು ಕಟ್ಟಿದರು. ಸಿಸ್ನೆರೋಸ್ ಮತ್ತು ಹಾಕಿಯಸ್ ಕೆಲವು ವರ್ಷಗಳ ತರುವಾಯ ಬೇಸ್ ಮತ್ತು ಡ್ರಮ್ ಎರಡರಿಂದಲೇ ‘ಓಮ್’ ಎಂಬ ತಂಡವನ್ನು ನಡೆಸಿದರು. ಹಾಡನ್ನು ತುಂಡರಿಸಿ ಕೊಟ್ಟಿದ್ದರೆ ತಂಡ ಉಳಿಯುತ್ತಿತ್ತೋ ಏನೋ. ಅವರು ತಂಡವನ್ನು ಕಳೆದುಕೊಂಡು ಹಾಡನ್ನು ಉಳಿಸಿಕೊಂಡರು.

೬. ಪಾಠಾಂತರಗಳ ಸಮಸ್ಯೆ

ಮುಂದಿನ ಕಥೆಯಲ್ಲಿ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಮಸ್ಯೆಯೊಂದು ಎದುರಾಗುತ್ತದೆ. ೧೯೯೯ರಲ್ಲಿ ‘ಜೆರುಸಲೆಮ್’ ಎಂಬ ಹೆಸರಿನಿಂದ ಆ ಹಾಡು ಹೊರಬಂದಿತು; ಆಗ ಅದರ ಉದ್ದ ಸುಮಾರು ೫೨ ನಿಮಿಷ, ಮತ್ತು ಅದು ಆರು ಭಾಗಗಳಾಗಿ ವಿಂಗಡವಾಗಿತ್ತು. ೨೦೦೩ರಲ್ಲಿ ‘ಡೋಪ್‌ಸ್ಮೋಕರ್’ ಎಂಬ ಹೆಸರಿನಿಂದ, ಸುಮಾರು ೬೩ ನಿಮಿಷಗಳ ಅಖಂಡ ರೂಪದಲ್ಲಿ ಇನ್ನೊಂದು ಪಾಠ ಪ್ರಕಟವಾಯಿತು. ಅದನ್ನೇ ಧ್ವನಿಯ ದೃಷ್ಟಿಯಿಂದ ಪರಿಷ್ಕರಿಸಿದ ಆವೃತ್ತಿ ೨೦೧೨ರಲ್ಲಿ ಬಂದಿತು. ಮೂಲಪಾಠ ಯಾವುದು? ಮೊದಲು ಪ್ರಕಟವಾದುದೇ, ದೀರ್ಘವಾದುದೇ, ಕರ್ತೃಗಳಿಗೆ ಇಷ್ಟವಾದುದೇ? ಹಳಗನ್ನಡ ಕಾವ್ಯದ ಓಲೆಪ್ರತಿಗಳ ಮುಂದೆ ನಾವು ಕೇಳುವ ಪ್ರಶ್ನೆಗಳೇ ಇವು. ಅಲ್ಲಿ ಲಿಪಿಕಾರನ ಕೈವಾಡವಿದ್ದರೆ ಇಲ್ಲಿ ವ್ಯಾಪಾರ ಸಂಸ್ಥೆಯ ಇಚ್ಛೆ, ಟೇಪಿನ ಉದ್ದ, ಪ್ರಕಾಶಕರ ಆಯ್ಕೆಗಳ ಕೈವಾಡವಿದೆ.

ಇದರಿಂದ ತಿಳಿಯುವುದೇನೆಂದರೆ, ಧ್ವನಿಮುದ್ರಿಕೆಯು ಕೃತಿಯ ಸಾಕ್ಷಿಯೇ ಹೊರತು ಕೃತಿಯೇ ಅಲ್ಲ. ಕೃತಿ ಇದ್ದುದು ಮೂವರ ನೆನಪಿನಲ್ಲಿ ಮತ್ತು ಅವರ ಕೂಡುವಾಟದಲ್ಲಿ. ಅದು ಬದುಕಿ ಬಂದುದು ದೊಡ್ಡ ಕಂಪನಿಯಿಂದಲ್ಲ. ೧೯೯೯ರ ಪಾಠವನ್ನು ಇಂಗ್ಲೆಂಡಿನಲ್ಲಿ ಹೊರತಂದ ‘ರೈಸ್ ಅಬವ್’ ಮತ್ತು ಮುಂದಿನ ಪಾಠಗಳನ್ನು ಪ್ರಕಟಿಸಿದ ಅಮೆರಿಕದ ‘ಟೀ ಪೀ’, ‘ಸದರ್ನ್ ಲಾರ್ಡ್’ ಇವೆಲ್ಲ ಸಣ್ಣ ಪ್ರಕಾಶನಗಳು. ಕ್ಯಾಂಡಲ್‌ಮಾಸ್ ತಂಡವನ್ನೂ ಅದರ ಮೊದಲ ಪ್ರಕಾಶಕರು ಮಾರಾಟ ಸಾಲದೆಂದು ಕೈಬಿಟ್ಟಿದ್ದರು. ಅದೇ ಕೃತಿಯನ್ನು ಇಂದು ಆ ಪ್ರಕಾರದ ಆಧಾರಗ್ರಂಥದಂತೆ ಕಾಣುತ್ತಾರೆ.

೭. ಉಪಸಂಹಾರ

ಅಭಾವವು ಡೂಮ್ ಮೆಟಲಿನ ತಾಯಿ ಎಂಬ ಮಾತು ಅರ್ಧಸತ್ಯ. ಗಾಯಗೊಂಡ ಬೆರಳು, ಒಂದೇ ದಿನದ ಸ್ಟುಡಿಯೋ, ಸಾಲದ ಹಾಡುಗಳು, ಇವೆಲ್ಲವೂ ಅನೇಕರಿಗೆ ಇದ್ದವು. ಅವುಗಳಿಂದ ಒಂದು ರೂಪ ಹುಟ್ಟಿದುದು ಸಣ್ಣ ಗುಂಪೊಂದು ದೀರ್ಘಕಾಲ ಒಟ್ಟಿಗೆ ದುಡಿದಲ್ಲಿ ಮಾತ್ರ. ಅಭಾವ ನೀಗಿದಾಗಲೂ ಅಪಾಯ ತಪ್ಪಲಿಲ್ಲವೆಂಬುದನ್ನು ಸ್ಲೀಪ್ ತಂಡದ ಕಥೆ ತೋರಿಸುತ್ತದೆ. ಆ ತಂಡ ೨೦೦೯ರಲ್ಲಿ ಮತ್ತೆ ಕೂಡಿತು. ಬ್ಲ್ಯಾಕ್ ಸ್ಯಾಬತ್ತಿನ ಮೂಲ ನಾಲ್ವರೂ ೨೦೨೫ರ ಜುಲೈ ೫ರಂದು ತಾವು ಹುಟ್ಟಿ ಬೆಳೆದ ಆಸ್ಟನ್ನಿನಲ್ಲಿಯೇ ಕೊನೆಯ ಬಾರಿಗೆ ಒಟ್ಟಿಗೆ ನುಡಿಸಿದರು. ಅದೇ ತಿಂಗಳ ೨೨ರಂದು ಆಸ್‌ಬರ್ನ್ ನಿಧನರಾದರು.

ಈ ಸಂಗೀತ ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ‘ಬೇವರ್ ಸೀ’ ತಂಡದ ಮೊದಲ ಧ್ವನಿಮುದ್ರಿಕೆ ೨೦೧೨ರಲ್ಲಿಯೂ, ‘ಜಿನ್ ಅಂಡ್ ಮಿಸ್ಕಟಾನಿಕ್’ ತಂಡದ್ದು ೨೦೧೩ರಲ್ಲಿಯೂ ಹೊರಬಂದವು. ಮೊದಲನೆಯ ಹೆಸರಿನಲ್ಲಿ ಅಡಗಿರುವ ಬೈಗುಳವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ವಾರಸುದಾರರಿಲ್ಲದವನು’ ಎಂಬ ಆ ಪದದ ಮೂಲಾರ್ಥವನ್ನು ಮಾತ್ರ ನೆನಪಿಸಬಹುದು. ಸಣ್ಣ ತಂಡಗಳ ದಾಖಲೆಗಳಿಗೆ ಆ ಅರ್ಥ ಅನ್ವಯಿಸದಿರಲಿ. ಅವರ ಕರಪತ್ರಗಳು, ಅಭ್ಯಾಸದ ಮುದ್ರಿಕೆಗಳು, ಒಪ್ಪಂದದ ಕಾಗದಗಳು, ವಾದಕರ ಬಾಯಿಮಾತಿನ ನೆನಪುಗಳು ಯಾವ ಪತ್ರಾಗಾರದಲ್ಲಿಯೂ ತಾವಾಗಿಯೇ ಬಂದು ಸೇರುವುದಿಲ್ಲ. ನೆನಪಿರುವವರು ಇನ್ನೂ ಇರುವಾಗಲೇ ಅವುಗಳನ್ನು ಕೇಳಿ ಬರೆದುಕೊಳ್ಳುವುದು, ಹೇಳಿದುದನ್ನು ವರ್ಷ ತಿಂಗಳುಗಳೊಡನೆ ತಾಳೆ ನೋಡುವುದು ನಮ್ಮ ವಿದ್ಯಾರ್ಥಿಗಳು ಇಂದೇ ಕೈಗೊಳ್ಳಬಹುದಾದ ಕೆಲಸ.